ದೊಡ್ಡ ಇಂಜಿನು

೧೯೫೮ರಲ್ಲಿ ತಿರುವನಂತಪುರದ ಉಳ್ಳೂರಿನ ಬಸ್ಸಿನ ಸಾಲಿನಲ್ಲಿ ಹಿಂದಿನಿಂದ ಕಾಸರಗೋಡಿನ ಕನ್ನಡ ಕೇಳಿ, ಗುಮಾಸ್ತ ಗಣಪತಿ ಕಿವಿಗೊಟ್ಟ. ವಯಸ್ಸಾದವರೊಬ್ಬರು, ಜೊತೆಗೆ ಅವರ ಹೆಂಡತಿಯ ತಮ್ಮ.

“ಕಾರು ಆಸ್ಪತ್ರೆಯ ಗೇಟಿನಲ್ಲೇ ಬಿಟ್ಟದ್ದು ಯಾಕೆ, ಭಾವ? ಕೆಟ್ಟಿತಾ?”

“ಇಲ್ಲ ಮಾರಾಯ. ಆ ಪುಟ್ಟ ಹಳೇ ಕಾರಿಗೆ ಹೊಸ ದೊಡ್ಡ ಇಂಜಿನು ಕೂರಿಸಿದೆನಲ್ಲ, ಮನೆಯಿಂದ ಇಪ್ಪತ್ತೇ ನಿಮಿಷದಲ್ಲಿ ಬಂತು.”

“ಅಕ್ಕನನ್ನು ಕರಕೊಂಡು ಬಂದ ದಿನ?”

“ಒಂದೂವರೆ ಗಂಟೆ. ಏರಿನಲ್ಲಿ ನಿಂತೇಹೋಯಿತು. ನನಗೇನೂ ಅವಸರ ಇಲ್ಲ ಅಂದಳು. ಆಮೇಲೆ ಮಾತಾಡಲಿಲ್ಲ. ಇಲ್ಲಿಗೆ ತಲುಪುವಾಗ ಉಸಿರಿರಲಿಲ್ಲ.”

“ಈಗ ಏರು ಹತ್ತುತ್ತದಲ್ಲ?”

“ಹತ್ತುತ್ತದೆ. ಗೇಟಿನಲ್ಲಿ ನಿಲ್ಲಿಸಿ, ಅವಳನ್ನು ಇಳಿಸಲಿಕ್ಕೆ ಆಚೆ ಬದಿಯ ಬಾಗಿಲು ತೆರೆದೆ. ಸೀಟು ಖಾಲಿ.”

ವಯಸ್ಸಾದವರು ಜೇಬಿನಿಂದ ಕೀಲಿಕೈ ತೆಗೆದರು.

“ಇನ್ನು ಆ ಕಾರನ್ನು ನೀನೇ ಇಟ್ಟುಕೋ.”

ಬಸ್ಸು ಬಂತು. ಅವರು ಭಾವಮೈದುನನ ಕೈಗೆ ಕೀಲಿಕೈ ಕೊಟ್ಟು ಮುಂದೆ ಬಂದರು. ಗಣಪತಿ ಪಕ್ಕಕ್ಕೆ ಸರಿದು ಅವರನ್ನು ಮೊದಲು ಹತ್ತಿಸಿದ.