ಗ್ರೀಸ್ ಒರೆಸಿದ ದೋಣಿ

ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ತನ್ನೂರಿನ ಬಸ್ಸಿಗೆ ಕಾಯುತ್ತಿದ್ದ ಕದರಮ್ಮನ ಪಕ್ಕಕ್ಕೆ ಅಪ್ಪ, ಮಗಳು ಬಂದು ಕೂತರು. ಮಗಳ ತೊಡೆಯ ಮೇಲೆ ರಿಮೋಟಿನಿಂದ ಓಡುವ ಮೊಳದುದ್ದದ ದೋಣಿ. ಅದರ ಹಿಂದಿನ ಫ್ಯಾನು ತಿರುಗಿಸುವ ಶಾಫ್ಟಿನ ಕೊಳವೆ ಮೂಸಿದ ಮಗಳು ಗಾಬರಿಯಾದಳು.

"ಅಪ್ಪ, ಇದಕ್ಕ ಹೊಲಿಗಿ ಮಷಿನ್ ಎಣ್ಣಿ ಹಾಕೀಯೇನು?"

"ಹೂನವ್ವ. ಗ್ರೀಸ್ ಗಟ್ಟಿಯಾಗಿ ಕೂತಿತ್ತು, ಎಲ್ಲಾ ಒರಿಸಿ ತೆಗೆದೆ. ನಮ್ಮ ಜೀನ್ಸ್ ಯೂನಿಟ್‌ನಾಗ ಗ್ರೀಸ್ ಕಂಡ್ರ ಮೊದ್ಲು ಒರಸೋದು. ಬಟ್ಟಿಗೆ ಕಲಿ ಆಗ್ತೈತಲ್ಲ."

"ಇದು ಬಟ್ಟಿ ಅಲ್ಲಪ್ಪ, ದೋಣಿ! ಒಳಗ ನೀರು ಬರದಂಗ ತಡಿಯೋದ ಆ ಗ್ರೀಸು."

ಅಪ್ಪ ಬಗ್ಗಿ ಕೊಳವೆಯೊಳಗೆ ಇಣುಕಿದ.

"ಬಳ್ಳಾರ್ಯಾಗ ಇಳಿದ ಕೂಡ್ಲೆ ಗ್ರೀಸ್ ತಗಳಣ."

"ಶಾಫ್ಟ್ ಬಿಚ್ಚಾಕ ಪಾನಾ ತಂದೀಯೇನು?"

"ಮನ್ಯಾಗೈತಿ."

"ಮಧ್ಯಾಹ್ನ ರೇಸ್‌ನಾಗ ನಡು ಕೆರ್ಯಾಗ ಮುಳುಗಿದ್ರ?"

"ನಾ ಇಳಿದು ತರ್ತೀನಿ."

"ನಿನಗ ಈಜಾಕ ಬರಂಗಿಲ್ಲಲ್ಲಪ್ಪ!"

ಕದರಮ್ಮನಿಗೆ ಆ ದೋಣಿಯ ತಲೆಬುಡ ತಿಳಿಯದು. ಆದರೂ ಅವಳು ಕತ್ತು ಚಾಚಿ ದೋಣಿಯನ್ನೇ ನೋಡತೊಡಗಿದಳು.

ಬಳ್ಳಾರಿ ಬಸ್ಸು ಬಂತು. ಮಗಳು ದೋಣಿಯನ್ನು ಎದೆಗವಚಿಕೊಂಡು ಹತ್ತಿದಳು. ಹಿಂದೆಯೇ ಮೆಟ್ಟಿಲ ಮೇಲೆ ಕಾಲಿಟ್ಟ ಅಪ್ಪ, ಕದರಮ್ಮನತ್ತ ತಿರುಗಿ ದನಿ ತಗ್ಗಿಸಿದ.

"ಯಕ್ಕಾ, ಬಳ್ಳಾರಿ ಕಡಿ ಕೆರಿ ಭಾಳ ಆಳ ಇರ್ತಾವೇನ್ರಿ?"