‘ತಡಕು’ ಬರೆದವನ ಹೆಸರು

ಪಾಪಮ್ಮಾಳ್ ಅಮ್ಮನ ಪಾದಕ್ಕೆ ಮೊದಲು ನಮಸ್ಕಾರ. ಈ ತೇವಾರಂ ಊರಿನ ನಮ್ಮ ಕನ್ನಡದವರಿಗೆಲ್ಲ, ದಿಂಡಿಗಲ್‌ನಿಂದ ಬಂದ ನಮ್ಮ ಆಫೀಸಿನವರಿಗೆ ನಮಸ್ಕಾರ. ನಾನು ಯುವಶ್ರೀ. ಅಮ್ಮನ ಮಗ ಶಿವಬಾಲನ್ ಅಣ್ಣನ ಪಕ್ಕದ ಕುರ್ಚಿಯಲ್ಲಿ ನಾಲ್ಕು ವರ್ಷ ಕೂತು ಕೆಲಸ ಮಾಡಿದವಳು.

ತಾಳಿಯ ದಾರದಲ್ಲಿ ಅರಿಶಿನ ಇನ್ನೂ ಹಸಿಯಾಗಿರುವಾಗ ಇಂಥ ಶ್ರದ್ಧಾಂಜಲಿ ಸಭೆಗೆ ಹೋಗಬಾರದು ಎಂದು ನಮ್ಮ ಅತ್ತೆ ತಡೆದರು. ನನ್ನ ಗಂಡ — ಈ ಪದ ಹೇಳುವಾಗ ಇವತ್ತೂ ಮುಖದಲ್ಲಿ ನಗು ಬಂದುಬಿಡುತ್ತದೆ, ಮನ್ನಿಸಿ — ನನ್ನ ಗಂಡ ಜೀವಾ ತಾವೇ ಕಾರು ಓಡಿಸಿಕೊಂಡು ಕರೆತಂದರು. ಎಂಥ ಚಿನ್ನದಂಥ ಮನುಷ್ಯ! ಅಗೋ, ಮುಂದಿನ ಸಾಲಿನಲ್ಲಿ, ನಮ್ಮ ಡೈರೆಕ್ಟರ್ ವಿಘ್ನೇಶ್ವರನ್ ಸಾರ್ ಪಕ್ಕದಲ್ಲಿ ಕೂತಿದ್ದಾರೆ. ಸಾರ್‌ಗೆ ಕನ್ನಡ ಬಾರದು. ಜೀವಾ, ನಾನು ಹೇಳುವುದನ್ನು ಅವರ ಕಿವಿಗೆ ತಮಿಳಿನಲ್ಲಿ ಹೇಳುತ್ತಾ ಹೋಗಿ. ಒಂದು ಮಾತನ್ನೂ ಬಿಡಬೇಡಿ.

ಅಣ್ಣ ಏನು ಕೆಲಸ ಮಾಡಿದ ಎಂದು ಇಲ್ಲಿ ಅನೇಕರಿಗೆ ಗೊತ್ತಿಲ್ಲ. ವೇದಸಂದೂರಿನ ನೂಲಿನ ಮಿಲ್ಲುಗಳಿಗೆ ನಾವು ಸಾಫ್ಟ್‌ವೇರ್ ಬರೆಯುತ್ತೇವೆ. ಅಲ್ಲಿಯ ಮಾಹಿತಿ ಹೀಗಿರುತ್ತದೆ — ಮಿಲ್ಲಿನೊಳಗೆ ಶೆಡ್ಡು, ಶೆಡ್ಡಿನೊಳಗೆ ಯಂತ್ರ, ಯಂತ್ರದೊಳಗೆ ನೂಲು ಸುತ್ತುವ ಕದಿರು, ಕೊನೆಗೆ ಆ ಕದಿರಿನ ವೇಗ. ಗಡಿಗೆಯೊಳಗೆ ಗಡಿಗೆ, ಅದರೊಳಗೆ ಇನ್ನೊಂದು. ನಡುವೆ ಒಂದು ಇಲ್ಲದಿದ್ದರೂ ನಮ್ಮ ಪ್ರೋಗ್ರಾಂ ಧಡಕ್ಕನೆ ನಿಂತುಹೋಗುತ್ತಿತ್ತು. ಅಣ್ಣ ಒಂದು ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವಂಥ ಕೋಡ್, ಬರೆದಿದ್ದ. ದಾರಿ ಹೇಳಿದರೆ ಸಾಕು, ಅದು ಎಷ್ಟು ಒಳಗಿದ್ದರೂ ಕೈ ಹಾಕಿ ತಂದುಕೊಡುತ್ತದೆ. ಸಿಗದಿದ್ದರೆ, ಯಾವ ಗಡಿಗೆಯಲ್ಲಿ ಕೈ ನಿಂತಿತು ಎಂದು ಹೇಳುತ್ತದೆ. ನಮ್ಮ ಕಂಪನಿಗೆ ಸೇರುವ ಎರಡು ವರ್ಷ ಮೊದಲೇ, ಈ ಊರಿನಲ್ಲೇ ಬರೆದದ್ದು. ದಿನಾಂಕ ಸಮೇತ ಇದೆ. ಅದಕ್ಕೆ ‘ತಡಕು’ ಎಂದು ಹೆಸರಿಟ್ಟ.

ಚಿಕ್ಕವನಿದ್ದಾಗ ಬೆಲ್ಲ ಎಲ್ಲಿ ಎಂದು ಕೇಳಿದರೆ ಅಮ್ಮ ಗಡಿಗೆಯ ಕಡೆ ಕೈ ತೋರಿಸಿ ಹೇಳುತ್ತಿದ್ದರಂತೆ: “ಬಾಯ್ ಬಿಡ್ಕೊಂಡ್ ನಿಲ್‌ಬ್ಯಾಡ. ಪಾನೆಯೊಳಕ್ಕೆ ಕೈ ಹಾಕಿ ತಡಕುಡಾ.”

ಈಗ ನನ್ನ ತಪ್ಪು ಹೇಳುತ್ತೇನೆ. ಪ್ರಪಂಚದಲ್ಲಿ ಯಾರು ಬೇಕಾದರೂ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವಂತೆ ಅದನ್ನು ಪ್ಯಾಕೇಜ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಪ್ಯಾಕೇಜಿನಲ್ಲಿ ಒಂದು ಸಾಲು ಇರುತ್ತದೆ — ಕರ್ತೃ ಯಾರು ಎಂದು. ಮದುವೆಗೆ ಹನ್ನೊಂದು ದಿನವಿತ್ತು. ನಾನು ಸೀರೆಯ ಬಣ್ಣಗಳಲ್ಲಿ, ನಿಲಕ್ಕೋಟ್ಟೈನಿಂದ ಬರಬೇಕಾದ ಮಲ್ಲಿಗೆಯ ಲೆಕ್ಕದಲ್ಲಿ ತೇಲುತ್ತಿದ್ದೆ. ಸಾರ್ ಬಂದು ನನ್ನ ರಜೆ ಮಂಜೂರು ಮಾಡಿದರು. ಆ ಸಾಲಿನಲ್ಲಿ ತಮ್ಮ ಹೆಸರು ಹಾಕಲು ಹೇಳಿದರು. ಹಾಕಿದೆ. ಈ ಬೆರಳುಗಳೇ ಹಾಕಿದವು.

ಸಂಜೆ ಅಣ್ಣನಿಗೆ ತೋರಿಸಿದೆ. ಆ ಸಾಲನ್ನು ಓದಿದ. ಆಮೇಲೆ ಹೇಳಿದ: “ಇರ್ಲಿ ಬಿಡು ತಂಗಚ್ಚಿ. ಕಲ್ಯಾಣ ಮುಗ್ಸ್ಕೊಂಡ್ ಬಾ, ಆಮ್ಯಾಕೆ ತಿದ್ದಾನ. ನನ್ ಪೇರು ಎಲ್ ಓಡೋಯ್ತದೆ?”

ತಿದ್ದಲು ಆಗಲಿಲ್ಲ. ನಾವು ಮುನ್ನಾರ್‌ನಲ್ಲಿದ್ದಾಗ ಫೋನ್ ಬಂತು — ಅಣ್ಣನ ಹೃದಯ ನಿಂತಿತ್ತು. ಮೂವತ್ತಾರು ವಯಸ್ಸು.

ಅದಾದ ಒಂಬತ್ತನೇ ದಿನ, ಸಾರ್, ನೀವು ಮದುರೈಯಲ್ಲಿ ಸಾಫ್ಟ್‌ವೇರ್ ಸಮ್ಮೇಳನದ ವೇದಿಕೆ ಹತ್ತಿದಿರಿ. ವಿಡಿಯೋ ನೋಡಿದೆ. ಏಳು ಸಲ ನೋಡಿದೆ. ‘ತಡಕು’ ನನ್ನದು ಎಂದಿರಿ. ಹಾಗೆಂದರೆ ಏನು ಎಂದು ಯಾರೋ ಕೇಳಿದರು. ಅದು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು ಎಂದಿರಿ — ಟೋಟಲ್ ಆಕ್ಸೆಸ್, ಡೇಟಾ ಆಂಡ್ ಕೀಸ್, ಯೂನಿವರ್ಸಲ್. ಚಪ್ಪಾಳೆ ಬಿತ್ತು.

ನಗಿ ಅಮ್ಮ, ನಗಿ. ಎಲ್ಲರೂ ನಗಿ. ಈ ಮಂಟಪದಲ್ಲಿ ಆ ಪದ ಗೊತ್ತಿಲ್ಲದವರು ಒಬ್ಬರೇ.

ಇಂಥ ದಿನ ಕ್ಷಮೆಯ ಮಾತಾಡಬೇಕು ಎನ್ನುತ್ತಾರೆ. ನನಗೆ ಕ್ಷಮಿಸುವ ಮನಸ್ಸಿಲ್ಲ. ಪ್ಯಾಕೇಜ್ ಪ್ರಕಟಿಸುವ ಹಕ್ಕು ಇನ್ನೂ ನನ್ನ ಕೈಯಲ್ಲಿದೆ, ಸಾರ್. ಅಂಥದ್ದೊಂದು ಇದೆ ಎಂದು ನಿಮಗೆ ಗೊತ್ತಿದ್ದರೆ ತಾನೇ ಕಿತ್ತುಕೊಳ್ಳುತ್ತಿದ್ದಿರಿ. ಹೊಸ ಆವೃತ್ತಿ ಸಿದ್ಧವಾಗಿದೆ. ಕರ್ತೃ: ಶಿವಬಾಲನ್, ತೇವಾರಂ. ಹಳೆಯದನ್ನು ಹಿಂದಕ್ಕೆ ತೆಗೆದು ಕಾರಣ ಬರೆದಿದ್ದೇನೆ. ಯಾವ ದೇಶದವರು ಅದನ್ನು ಇಳಿಸಿಕೊಳ್ಳಲು ಹೋದರೂ ಕಾಣುತ್ತದೆ — ಇದರಲ್ಲಿರುವ ಕರ್ತೃವಿನ ಹೆಸರು ಸುಳ್ಳು.

ನಾಳೆ ನನಗೆ ಕೆಲಸ ಇರುವುದಿಲ್ಲ. ಜೀವಾ, ಕಾರಿನಲ್ಲೇ ನಿಮಗೆ ಹೇಳಬೇಕಿತ್ತು, ಧೈರ್ಯ ಬರಲಿಲ್ಲ — ಯಾಕೆ ತಮಿಳಿನಲ್ಲಿ ಹೇಳುವುದನ್ನು ನಿಲ್ಲಿಸಿದಿರಿ? ಅದನ್ನೂ ಅವರಿಗೆ ಹೇಳಿ.

ಅಮ್ಮಾ, ಇಲ್ಲಿ ಬನ್ನಿ. ನಿಮ್ಮ ಬೆರಳು ಕೊಡಿ. ಲ್ಯಾಪ್‌ಟಾಪಿನ ಈ ಗುಂಡಿ. ಒತ್ತಿದರೆ ಹೊಸ ಆವೃತ್ತಿ ಮೇಲೆ ಹೋಗಿ ಸೇರಲು ಒಂದು ನಿಮಿಷ ಬೇಕು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಸಾರ್, ನೀವೂ ಏಳಿ. ಅಮ್ಮ ಒತ್ತಿದರು — ಅದು ಹೋಗಿ ಮುಟ್ಟುವ ತನಕ ಯಾರೂ ಮಾತಾಡಬೇಡಿ.