ತಂತಿ ಬಿಗಿದ ಪೈಪು

ಪಂಕ್ಚರ್ ಹಾಕಿಸಲು ಹೋಗಿ ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಒಬ್ಬ ಯುವತಿಯ ಹಳೆಯ ಸ್ಕೂಟರನ್ನು ಬಿಚ್ಚಿಟ್ಟುಕೊಂಡು ಮೆಕ್ಯಾನಿಕ್ ವಿಚಾರಿಸುತ್ತಿದ್ದ.

“ಸ್ವಲ್ಪ ದೂರ ಹೋಗಿ ನಿಂತುಬಿಡತ್ತಾ?”

“ಹೌದು. ಒಂದು ಗಳಿಗೆ ಬಿಟ್ಟರೆ ಮತ್ತೆ ಹೊರಡತ್ತೆ, ಮತ್ತೆ ನಿಲ್ಲತ್ತೆ. ಇದರಿಂದ್ಲೇ ಮೊನ್ನೆ ಆಸ್ಪತ್ರೆ ಕೆಲಸದ ಇಂಟರ್‌ವ್ಯೂ ತಪ್ಪಿಹೋಯ್ತು.”

“ಟ್ಯಾಂಕಿಂದ ಕಾರ್ಬ್ಯುರೇಟರಿಗೆ ಬರೋ ಪೈಪ್ ನೋಡಿ. ತಂತಿ ಸುತ್ತಿ ಕತ್ತು ಹಿಸುಕಿದ ಹಾಗೆ ಬಿಗಿದಿದಾರೆ. ಪೆಟ್ರೋಲ್ ತೊಟ್ಟಿಕ್ಕತ್ತೆ ಅಷ್ಟೆ, ಇಂಜಿನ್ನಿಗೆ ಸಾಲಲ್ಲ.”

“ತಾನಾಗೇ ಆಗಿರಬಹುದಲ್ವಾ?”

“ತಂತಿ ತಾನಾಗೇ ಗಂಟು ಹಾಕ್ಕೊಳಲ್ಲಮ್ಮ. ಗಾಡಿ ಯಾರು ಮುಟ್ತಾರೆ?”

“ಅಪ್ಪ ಮಾತ್ರ. ಲಾರಿ ಓಡಿಸ್ತಿದ್ರು, ರಿಪೇರಿ ಎಲ್ಲ ಅವರದೇ. ಅವತ್ತೂ ಅವರೇ ಒರೆಸಿ ಕೊಟ್ರು.”

ಮೆಕ್ಯಾನಿಕ್ ತಂತಿ ಬಿಚ್ಚಿ ಅವಳ ಕೈಗಿಟ್ಟ. ಅವಳು ಫೋನ್ ಹಚ್ಚಿದಳು.

“ಅಪ್ಪಾ, ಪೆಟ್ರೋಲ್ ಪೈಪಿಗೆ ತಂತಿ ಕಟ್ಟಿದ್ದು ನೀವಾ?… ದೂರದ ಕೆಲಸ ಬೇಡ ಅಂತಿದ್ರೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ. ನಾನು ಅಳ್ತಾ ಬಂದಾಗ ತಲೆ ಸವರಿ, ‘ನಿನ್ನ ಹಣೆಬರಹ ಮಗಳೇ’ ಅಂದ್ರಲ್ಲಪ್ಪ!”

ಫೋನನ್ನು ಚೀಲಕ್ಕೆ ಹಾಕಿದಳು.

“ಏನಂದ್ರು?”

“ನನ್ನ ಒಳ್ಳೇದಕ್ಕೇ ಮಾಡಿದ್ರಂತೆ.”

ಹೊಸ ಪೈಪ್ ಹಾಕಿ ಮೆಕ್ಯಾನಿಕ್ ಕಿಕ್ ಹೊಡೆದ. ಒಂದೇ ಏಟಿಗೆ ಇಂಜಿನ್ ಎದ್ದಿತು.

“ಇನ್ನು ಆರಾಮಾಗಿ ಮನೆಗೆ ಹೋಗಿ.”

“ಮನೆಗಲ್ಲ. ಆಸ್ಪತ್ರೆಗೇ ಹೋಗಿ ಇನ್ನೊಂದ್ಸಲ ಕೇಳ್ಕೋತೀನಿ. ಅಲ್ಲೀವರೆಗೂ ನಿಲ್ಲಲ್ಲ ತಾನೇ?”

“ನಿಲ್ಲಲ್ಲಮ್ಮ.”

ಕಣ್ಣೊರೆಸಿಕೊಂಡು ಹೊರಟಳು. ಚೀಲದಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ತಿರುವು ದಾಟುವವರೆಗೂ ಅವಳು ಗಾಡಿ ನಿಲ್ಲಿಸಲಿಲ್ಲ.